ಕ್ಲಾರಿನೆಟ್ಟಿಗಾಗಿ ಕಟ್ಟಿಸಿಕೊಂಡ ಹಲ್ಲು

ಕೊರೊನಾ ಕಾಟ ಮುಗಿದು ಮದುವೆಗಳು ಮತ್ತೆ ಛತ್ರ ತುಂಬಿ ನಡೆಯತೊಡಗಿದ ವರ್ಷದ ಮಾತು. ಎರಡು ವರ್ಷ ಕೆಲಸವಿಲ್ಲದೆ ಕೂತಿದ್ದ ನಮ್ಮ ಬ್ಯಾಂಡ್‌ಸೆಟ್ಟಿಗೆ ಆ ಫೆಬ್ರವರಿಯಲ್ಲಿ ಒಂದು ದಿನವೂ ಬಿಡುವಿರಲಿಲ್ಲ. ಬೆಳಿಗ್ಗೆ ಪಾಂಡವಪುರದಲ್ಲಿ ಒಂದು ಮದುವೆ ಮುಗಿಸಿದರೆ ಸಂಜೆಗೆ ನಾಗಮಂಗಲದಲ್ಲಿ ಇನ್ನೊಂದು. ನನ್ನ ಹೆಸರು ನಜೀರ್. ಶ್ರೀರಂಗಪಟ್ಟಣದ ಗಂಜಾಂನಲ್ಲಿ ಮನೆ. ಆಗ ನನಗೆ ಐವತ್ತೊಂದು ವಯಸ್ಸು. ಹದಿನೆಂಟರಿಂದ ಆವತ್ತಿನವರೆಗೆ ನಾನು ಮಾಡಿದ್ದು ಒಂದೇ ಕೆಲಸ, ಮದುವೆ ಮೆರವಣಿಗೆಯಲ್ಲಿ ಕ್ಲಾರಿನೆಟ್ ಊದುವುದು. ನಮ್ಮ ಅಬ್ಬಾ ಊದುತ್ತಿದ್ದ ವಾದ್ಯವೇ ನನ್ನ ಕೈಗೆ ಬಂದಿದ್ದು.

ಕ್ಲಾರಿನೆಟ್ಟನ್ನು ಹತ್ತಿರದಿಂದ ನೋಡದವರಿಗೆ ಒಂದು ಮಾತು ಹೇಳಬೇಕು. ಕೊಳಲಿನ ಹಾಗೆ ತುಟಿಗೆ ತಾಗಿಸಿ ಊದುವ ವಾದ್ಯ ಅದಲ್ಲ. ಅದರ ಮೂತಿಯನ್ನು ಬಾಯೊಳಗೆ ಇಟ್ಟುಕೊಳ್ಳಬೇಕು. ಮೇಲಿನ ಮುಂದಿನ ಎರಡು ಹಲ್ಲು ಆ ಮೂತಿಯ ಮೇಲೆ ಕೂರಬೇಕು, ಕೆಳತುಟಿ ಒಳಗೆ ಮಡಚಿ ಅಡಿಯಲ್ಲಿರುವ ರೀಡು ಎಂಬ ತೆಳು ಪಟ್ಟಿಗೆ ಒತ್ತಬೇಕು. ಭಾರವೆಲ್ಲ ಬಲಗೈ ಹೆಬ್ಬೆರಳಿಗೆ, ಹಿಡಿತವೆಲ್ಲ ಆ ಎರಡು ಹಲ್ಲಿಗೆ.

ಆ ತಿಂಗಳ ಕೊನೆಯಲ್ಲಿ ಕೆ.ಆರ್. ಪೇಟೆ ಹತ್ತಿರದ ಒಂದು ಹಳ್ಳಿಯಲ್ಲಿ ಮೆರವಣಿಗೆಗೆ ಹೋಗಿದ್ದೆವು. ಸಂಜೆ ಐದು ಗಂಟೆ, ಇನ್ನೂ ಬಿಸಿಲಿತ್ತು. ಗಂಡಿನ ಗೆಳೆಯರು ಹದಿನೈದಿಪ್ಪತ್ತು ಜನ ಬ್ಯಾಂಡಿನೊಳಗೇ ನುಗ್ಗಿ ಕುಣಿಯುತ್ತಿದ್ದರು. ನಮಗೆ ಅದು ಹೊಸದಲ್ಲ. ಕುಡಿದವರು ಮೈಮೇಲೆ ಬೀಳುತ್ತಾರೆ, ನಮ್ಮ ಟೋಪಿ ಕಿತ್ತು ತಮ್ಮ ತಲೆಗೆ ಹಾಕಿಕೊಳ್ಳುತ್ತಾರೆ, ನಾವು ಕಣ್ಣಲ್ಲೇ ನಕ್ಕು ಊದುತ್ತಿರುತ್ತೇವೆ. ಆವತ್ತು ಒಬ್ಬ ನನಗೆ ಬೆನ್ನು ಮಾಡಿಕೊಂಡು ಕುಣಿಯುತ್ತಾ ಹಿಂದೆ ಹಿಂದೆ ಬಂದ. ಜೋರಾಗಿ ಕೈ ಬೀಸಿದ. ಅವನ ಮೊಣಕೈ ಕ್ಲಾರಿನೆಟ್ಟಿನ ತುದಿಗೆ ಬಡಿಯಿತು.

ಆ ಸದ್ದು ನನಗೆ ಹೊರಗಿನಿಂದ ಕೇಳಿಸಲಿಲ್ಲ, ತಲೆಯೊಳಗೆ ಕೇಳಿಸಿತು. ಬಾಯಿ ತುಂಬ ಬಿಸಿಯಾಯಿತು. ಅಂಗೈಗೆ ಉಗಿದು ನೋಡಿದರೆ ರಕ್ತದ ನಡುವೆ ಒಂದು ಹಲ್ಲು. ಇನ್ನೊಂದು ಎಲ್ಲಿ ಬಿತ್ತೋ, ಕುಣಿಯುವವರ ಕಾಲಡಿಗೆ ಹೋಯಿತು. ಮೇಲ್ತುಟಿ ಸೀಳಿತ್ತು. ಡ್ರಮ್ ಬಾರಿಸುವ ಮಹದೇವ ನನ್ನ ಮುಖ ನೋಡಿ ಕೋಲು ಕೆಳಗಿಳಿಸಿದ. ನಾವಿಬ್ಬರೂ ಇಪ್ಪತ್ತು ವರ್ಷದಿಂದ ಜೊತೆಗಾರರು. ಆದರೆ ಬ್ಯಾಂಡಿನ ಯಜಮಾನ ಬಶೀರ್ ಭಾಯ್ ಹಿಂದಿನಿಂದ ಕೂಗಿದ, "ನಿಲ್ಲಿಸ್ಬ್ಯಾಡ್ರೋ! ಬಾರ್ಸಿ, ಬಾರ್ಸಿ!" ಟ್ರಂಪೆಟ್ಟಿನವನು ನನ್ನ ಹಾಡನ್ನು ಎತ್ತಿಕೊಂಡ. ಮೆರವಣಿಗೆ ನನ್ನನ್ನು ಬಳಸಿಕೊಂಡು ಮುಂದೆ ಹೋಯಿತು.

ನಾನು ಯಾರದೋ ಮನೆಯ ಜಗಲಿ ಮೇಲೆ ಕೂತೆ. ಆ ಮನೆಯ ಹೆಂಗಸು ಒಂದು ಚೊಂಬು ನೀರು, ಒಂದು ಹಳೆ ಪಂಚೆಯ ತುಂಡು ತಂದುಕೊಟ್ಟರು. ಆಸ್ಪತ್ರೆಗೆ ಹೊರಟಾಗ ಮದುವೆ ಮನೆಯ ಹಿರಿಯರೊಬ್ಬರು ಬಂದು ನನ್ನ ಭುಜ ತಟ್ಟಿದರು. "ಮದ್ವೆ ಅಂದ್ಮ್ಯಾಲೆ ಇಂಗೆಲ್ಲಾ ಆಯ್ತದೆ ಕಣಣ್ಣ. ಮನಸ್ಸಿಗೆ ಆಕ್ಕೋಬ್ಯಾಡ." ಬಡಿದವನು ಯಾರು ಎಂದು ಅವರು ಹೇಳಲಿಲ್ಲ. ಇವತ್ತಿಗೂ ನನಗೆ ಗೊತ್ತಿಲ್ಲ.

ಮನೆಯಲ್ಲಿ ನಾವು ಮಾತಾಡುವುದು ಉರ್ದು, ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನನ್ನ ಹೆಂಡತಿಯ ಹೆಸರು ಫರ್ಜಾನಾ. ಆ ಹೆಸರಿನ ಮೊದಲಕ್ಷರ ಹೇಳಲು ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು ಎಂಬುದು ಐವತ್ತೊಂದು ವರ್ಷ ನನಗೆ ಗೊತ್ತಿರಲಿಲ್ಲ. ಆಸ್ಪತ್ರೆಯಲ್ಲಿ ತುಟಿಗೆ ಹಾಕಿದ್ದ ಹೊಲಿಗೆ ಬಿಚ್ಚಿದ ದಿನ ಅವಳನ್ನು ಕೂಗಿದರೆ ಮೊದಲು ಬರೀ ಗಾಳಿ ಬಂತು, ಆಮೇಲೆ "ರ್ಜಾನಾ" ಬಂತು. ಅವಳು ನಗಲಿಲ್ಲ. ಅಡುಗೆಮನೆಯಿಂದ ಬಂದು, "ಕ್ಯಾ ಜೀ?" ಎಂದು ದಿನಾ ಕೇಳುವ ಹಾಗೆಯೇ ಕೇಳಿದಳು. ಅವಳ ಆ ಮಾಮೂಲಿ ದನಿ ಕೇಳಿಯೇ ನನಗೆ ಅಳು ಬಂದುಬಿಟ್ಟಿತು.

ತುಟಿ ಮಾಗಿದ ಮೇಲೆ ಒಬ್ಬ ಡಾಕ್ಟರು ಹಾಕಿ ತೆಗೆಯುವ ಹಲ್ಲಿನ ಸೆಟ್ಟು ಮಾಡಿಕೊಟ್ಟರು. "ವಸಡು ಪೂರ್ತಿ ಮಾಗೋವರೆಗೆ ಇದಿರಲಿ. ಗಟ್ಟಿ ಪದಾರ್ಥ ಕಚ್ಚಬೇಡಿ" ಎಂದರು. ಕ್ಲಾರಿನೆಟ್ ಗಟ್ಟಿ ಪದಾರ್ಥವೋ ಅಲ್ಲವೋ ಎಂದು ನಾನು ಕೇಳಲಿಲ್ಲ. ಕೇಳಿದರೆ ಬೇಡ ಅನ್ನುತ್ತಾರೆ ಎಂದು ಗೊತ್ತಿತ್ತು. ಆದ್ದರಿಂದ ಮುಂದೆ ಆಗಿದ್ದರಲ್ಲಿ ಅವರ ತಪ್ಪೇನೂ ಇಲ್ಲ.

ಮೇ ತಿಂಗಳು, ನಾಗಮಂಗಲದಲ್ಲಿ ಮದುವೆ. ಮನೆಯಲ್ಲಿ ಮೆಲ್ಲಗೆ ಊದಿ ನೋಡಿದ್ದೆ, ಪರವಾಗಿಲ್ಲ ಅನ್ನಿಸಿತ್ತು. ಛತ್ರದ ಮುಂದೆ ಜನ ಸೇರಿದರು. ನಾವು ಎತ್ತಿಕೊಂಡ ಹಳೆ ಸಿನಿಮಾ ಹಾಡಿನ ನಡುವೆ ಒಂದು ಎತ್ತರದ ಸ್ವರ ಬರುತ್ತದೆ. ಅಲ್ಲಿ ಮೂತಿಯನ್ನು ಕಚ್ಚಿ ಹಿಡಿಯಲೇಬೇಕು. ಕಚ್ಚಿದೆ. ಸೆಟ್ಟು ಅಂಗುಳಿನಿಂದ ಕಳಚಿ, ಮೂತಿಗೆ ಅಂಟಿಕೊಂಡು ಹೊರಗೆ ಬಂದು, ಎಂಜಲಿನ ಸಮೇತ ರಸ್ತೆಗೆ ಬಿತ್ತು. ಒಂದು ಗಳಿಗೆ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಶುರುವಾಯಿತು ನಗು. ನಾನು ಬಗ್ಗಿ ಅದನ್ನು ಎತ್ತಿಕೊಳ್ಳುವಾಗ ಒಬ್ಬ ಫೋನು ಹಿಡಿದು ನನ್ನ ಮುಖದ ಹತ್ತಿರವೇ ಬಂದ. ಮಾರನೆಯ ಬೆಳಿಗ್ಗೆ ನನ್ನ ಭಾವಮೈದುನನ ಫೋನಿಗೆ ಆ ವಿಡಿಯೊ ಬಂದಿತ್ತು, ಅದರ ಕೆಳಗೆ ನಗುವ ಮುಖಗಳ ಸಾಲು.

ಎರಡು ದಿನ ಬಿಟ್ಟು ಬಶೀರ್ ಭಾಯ್ ಮನೆಗೆ ಬಂದ. ಚಹಾ ಕುಡಿದ. ನನ್ನ ಮುಖ ನೋಡದೆ ಲೋಟವನ್ನೇ ನೋಡುತ್ತಾ ಹೇಳಿದ.

"ನೋಡ್ಲಾ ನಜೀರಾ, ನಿಂಗೆ ನಾನು ಅನ್ಯಾಯ ಮಾಡಾಕಿಲ್ಲ. ಇನ್ಮ್ಯಾಕೆ ತಾಳ ಇಡ್ಕೋ. ಮೈಸೂರಿಂದ ಒಬ್ಬ ಕ್ಲಾರಿನೆಟ್ನೋನು ಬತ್ತಾನೆ."

"ನಾನ್ ತಾಳ ಇಡಿಯಾಕಿಲ್ಲ ಭಾಯ್."

"ಅಲ್ಲಿಲ್ದೆ ಇನ್ನೇನ್ ಮಾಡೀಯ? ವಯಸ್ಸೂ ಆಯ್ತು, ಬುಡು."

"ಅಲ್ಲು ಕಟ್ಟಿಸ್ಕೊಂಡ್ ಬತ್ತೀನಿ. ಊದ್ತೀನಿ."

"ಕಟ್ಟಿಸ್ಕೊಂಡಿರಾ ಅಲ್ಲಲ್ಲಿ ಊದೋನ್ನ ಎಲ್ಲಾರ ಕಂಡಿದ್ದೀಯೇನ್ಲಾ?"

ಕಂಡಿರಲಿಲ್ಲ. ಆದರೂ "ಇನ್ಮ್ಯಾಕೆ ಕಾಣ್ತೀಯ" ಎಂದುಬಿಟ್ಟೆ. ಸೆಟ್ಟು ಹಾಕದ ಬಾಯಲ್ಲಿ ಆ ಮಾತೂ ಅರ್ಧ ಗಾಳಿಯೇ. ಬಶೀರ್ ಭಾಯ್ ನಗದೆ ಎದ್ದು ಹೋದ. ಅವನು ಕೆಟ್ಟವನಲ್ಲ. ತಾಳ ಕೊಡುವುದೇ ಉಪಕಾರ ಎಂದು ನಿಜವಾಗಿ ನಂಬಿದ್ದ. ನನ್ನನ್ನು ಹೆಚ್ಚು ಕೆರಳಿಸಿದ್ದು ಅದೇ.

ಬಸ್ ಸ್ಟ್ಯಾಂಡ್ ಹತ್ತಿರದ ಭಾವಮೈದುನನ ಹಣ್ಣಿನ ಅಂಗಡಿಯಲ್ಲಿ ವ್ಯಾಪಾರಕ್ಕೆ ಕೂರತೊಡಗಿದೆ. ಅಲ್ಲಿಗೆ ಬಂದವರೆಲ್ಲ ಬುದ್ಧಿ ಹೇಳುವವರೇ. "ಐವತ್ತು ದಾಟಿದ ಮೇಲೆ ಹಲ್ಲು ಕಟ್ಟಿಸಿಕೊಂಡು ಯಾರಿಗೆ ತೋರಿಸಬೇಕು?" ಎಂದು ಒಬ್ಬರು. "ಸಬರ್ ಮಾಡು, ತಾಳ್ಮೆಯಿಂದಿರು, ದೇವರು ಇನ್ನೊಂದು ದಾರಿ ತೋರಿಸುತ್ತಾನೆ" ಎಂದು ಇನ್ನೊಬ್ಬರು. ಆ ಮಾತನ್ನು ರಾತ್ರಿ ಊಟಕ್ಕೆ ಕೂತಾಗ ಫರ್ಜಾನಾಗೆ ಹೇಳಿದೆ. ಅವಳು ರೊಟ್ಟಿಯನ್ನು ನನಗಾಗಿ ಸಾರಿನಲ್ಲಿ ನೆನೆಸುತ್ತಿದ್ದಳು. "ಸಬರ್ ಮಾಡೋದು ಬೇರೆ, ಬಾಯಿ ಮುಚ್ಚಿಕೊಂಡು ಕೂರೋದು ಬೇರೆ. ನೀವು ಡಾಕ್ಟರ ಹತ್ತಿರ ಹೋಗಿ" ಎಂದಳು.

ದಾರಿ ತೋರಿಸಿದ್ದು ಮಹದೇವ. ಅವನ ಅಕ್ಕ ಪಾಂಡವಪುರದ ಒಬ್ಬ ಡಾಕ್ಟರ ಹತ್ತಿರ ಫಿಕ್ಸ್ ಹಲ್ಲು ಕಟ್ಟಿಸಿಕೊಂಡಿದ್ದರಂತೆ. "ಡಾಕ್ಟ್ರಮ್ಮ ಬ್ಯಾಡಾ ಬ್ಯಾಡಾ ಅಂದ್ರೂ ನಮ್ಮಕ್ಕ ಕಬ್ಬು ಸಿಗೀತಾಳೆ ಕಣಣ್ಣ. ಒಂದಪ ಓಗಿ ಕೇಳು" ಎಂದ.

ಡಾಕ್ಟರ ಹೆಸರು ರೇಖಾ. ಮೂವತ್ತೈದರ ಹೆಣ್ಣುಮಗಳು, ನಾಗಮಂಗಲ ಕಡೆಯವರು. ಎಕ್ಸ್‌ರೇ ತೆಗೆದು, ವಸಡು ಒತ್ತಿ ನೋಡಿ, ನಿಧಾನವಾಗಿ ವಿವರಿಸಿದರು. ಮೂಳೆಗೇ ಸ್ಕ್ರೂ ಕೂರಿಸಿ ಹಲ್ಲು ಕಟ್ಟುವುದು ಒಂದು ದಾರಿ. ಆದರೆ ಏಟಿಗೆ ನನ್ನ ಮುಂದಿನ ಮೂಳೆ ತೆಳುವಾಗಿತ್ತು. ಮೊದಲು ಮೂಳೆ ಸೇರಿಸಿ ಅದು ಗಟ್ಟಿಯಾಗುವ ತನಕ ಕಾಯಬೇಕು, ಒಂದು ವರ್ಷವೇ ಆಗಬಹುದು. ಇನ್ನೊಂದು ದಾರಿ ಬ್ರಿಡ್ಜ್.

"ನಿಮ್ಮೂರಲ್ಲಿ ಹೊಳೆಗೆ ಹಳೇ ಕಲ್ಲು ಸೇತುವೆ ಇದೆಯಲ್ಲ ನಜೀರಣ್ಣ, ಹಾಗೇ ಇದು. ಹಲ್ಲಿಲ್ಲದ ಜಾಗದಲ್ಲಿ ಏನೂ ಊರಲ್ಲ. ಅಕ್ಕಪಕ್ಕದ ಹಲ್ಲುಗಳೇ ಕಂಬ. ಅವನ್ನ ತೇಯ್ದು ಸಣ್ಣ ಮಾಡಿ, ಎಲ್ಲಾ ಸೇರಿಸಿ ಒಂದೇ ಸಾಲು ಹಲ್ಲು ಮಾಡಿ, ಮೇಲೆ ಕೂರಿಸಿ ಅಂಟಿಸಿಬಿಡ್ತೀವಿ. ತೆಗೆಯೋಕ್ಕಾಗಲ್ಲ."

"ಊದ್ಬೋದಾ ಮೇಡಂ?"

"ಏನು ಊದೋದು?"

ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ಆಗಬಹುದು ಎಂದು ಸುಲಭವಾಗಿ ಹೇಳಿ ಕಳಿಸಬಹುದಿತ್ತು. ಹಾಗೆ ಮಾಡಲಿಲ್ಲ. "ನಂಗೊತ್ತಿಲ್ಲ ಅಣ್ಣ. ಇದುವರೆಗೆ ವಾದ್ಯ ಊದೋರಿಗೆ ನಾನು ಕಟ್ಟಿಲ್ಲ. ಬರೀ ಊಟಕ್ಕಾಗಿದ್ರೆ ಪಕ್ಕದ ಒಂದೊಂದು ಹಲ್ಲು ಸಾಕು ಅನ್ನಬಹುದಿತ್ತು. ನೀವು ದಿನಾ ಗಂಟೆಗಟ್ಟಲೆ ಕಚ್ಚಿ ಹಿಡಿಯೋರು. ಕೋರೆಹಲ್ಲುಗಳನ್ನೂ ಸೇರಿಸಿಕೊಂಡು ನಾಲ್ಕು ಕಂಬ ಮಾಡಬೇಕು."

"ಚೆನ್ನಾಗಿರಾ ನಾಕು ಅಲ್ಲು ತೇಯ್ಬೇಕಾ?"

"ಹೌದು. ತೇಯ್ದಿದ್ದು ಮತ್ತೆ ಬೆಳೆಯಲ್ಲ. ಎಲೆ ಅಡಿಕೆ, ತಂಬಾಕು ಇದ್ರೆ ಅದೂ ಬಿಡಬೇಕು. ಯೋಚನೆ ಮಾಡಿ ಬನ್ನಿ. ಬರುವಾಗ ವಾದ್ಯ ತಗೊಂಡೇ ಬನ್ನಿ."

ಆವತ್ತು ಪಾಂಡವಪುರದಿಂದ ಬಸ್ಸಿನಲ್ಲಿ ಬರುವಾಗ ನಾಲಿಗೆಯಿಂದ ಆ ನಾಲ್ಕು ಹಲ್ಲನ್ನೂ ಮುಟ್ಟಿ ಮುಟ್ಟಿ ನೋಡಿಕೊಂಡೆ. ಏನೂ ತಪ್ಪು ಮಾಡದ ಹಲ್ಲುಗಳು. ಅವನ್ನೂ ತೇಯಿಸಿ, ಆಮೇಲೆ ಊದಲಾಗದಿದ್ದರೆ? ಹೆದರಿಕೆಯಾಯಿತು, ಇಲ್ಲ ಎನ್ನುವುದಿಲ್ಲ. ಆದರೆ ತಾಳ ಹಿಡಿದು ಇನ್ನೊಬ್ಬನ ಕ್ಲಾರಿನೆಟ್ಟಿನ ಹಿಂದೆ ನಡೆಯುವುದನ್ನು ನೆನೆಸಿಕೊಂಡರೆ ಆಗುತ್ತಿದ್ದ ಸಂಕಟ ಅದಕ್ಕಿಂತ ದೊಡ್ಡದು. ತಂಬಾಕಿನ ಚೀಲವನ್ನು ಆವತ್ತೇ ಎಸೆದೆ. ಮುಂದಿನ ವಾರ ಕ್ಲಾರಿನೆಟ್ ಪೆಟ್ಟಿಗೆ ಹಿಡಿದು ಹೋದೆ.

ಡಾಕ್ಟರು ಮೊದಲು ನನ್ನ ಬಾಯಿ ನೋಡಲಿಲ್ಲ, ವಾದ್ಯದ ಮೂತಿ ನೋಡಿದರು. ದೀಪದ ಕೆಳಗೆ ಹಿಡಿದು ತಿರುಗಿಸಿದರು. "ಇದೇನಿದು, ಎರಡು ಗುಳಿ?" ಎಂದರು. ಮೂವತ್ತಮೂರು ವರ್ಷ ಕಚ್ಚಿ ಹಿಡಿದ ಗುರುತು ಅದು. ನಾನು ದಿನಾ ಕೈಯಲ್ಲಿ ಹಿಡಿಯುತ್ತಿದ್ದ ವಸ್ತು, ನನಗೇ ಅದರ ಕಡೆ ಲಕ್ಷ್ಯವಿರಲಿಲ್ಲ. ಅವರಿಗೆ ಖುಷಿಯಾಗಿಬಿಟ್ಟಿತು. "ಅಣ್ಣ, ನಿಮ್ಮ ಹಳೇ ಹಲ್ಲು ಎಲ್ಲಿ ಕೂರ್ತಿತ್ತು, ಎಷ್ಟು ಅಗಲ, ಯಾವ ಕಡೆ ವಾಲಿತ್ತು, ಎಲ್ಲಾ ಇದರಲ್ಲೇ ಇದೆ!" ಎಂದು ಮೇಣದಂಥ ಏನನ್ನೋ ಒತ್ತಿ ಅದರ ಅಚ್ಚು ತೆಗೆದುಕೊಂಡರು. ನನ್ನ ಮದುವೆಯ ಫೋಟೊವನ್ನೂ ತರಿಸಿಕೊಂಡರು. ಅದರಲ್ಲಿ ನಾನು ಹಲ್ಲು ಬಿಟ್ಟು ನಗುತ್ತಿದ್ದೆ.

ತೇಯುವ ದಿನ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಾಗಲಿಲ್ಲ. ಆದರೆ ಆ ಮಿಷನ್ನಿನ ಕಿರ್ರನೆಯ ಸದ್ದು, ಸುಟ್ಟಂಥ ವಾಸನೆ ಮರೆಯುವಂಥದ್ದಲ್ಲ. ನಡುವೆ ಕನ್ನಡಿ ಕೇಳಿದೆ. ನೋಡಬಾರದಿತ್ತು. ಗಟ್ಟಿ ಹಲ್ಲುಗಳಿದ್ದ ಕಡೆ ನಾಲ್ಕು ಸಣ್ಣ ಮೊಳೆ ನಿಂತಿದ್ದವು, ನಡುವೆ ಖಾಲಿ. ಇನ್ನು ಹಿಂದಕ್ಕೆ ಹೋಗುವ ಹಾಗಿಲ್ಲ ಎಂದು ಗೊತ್ತಾಯಿತು. ವಿಚಿತ್ರವೆಂದರೆ ಅದು ತಿಳಿದ ಮೇಲೆಯೇ ಹೆದರಿಕೆ ಹೋಗಿದ್ದು.

ನಿಜವಾದ ಹಲ್ಲು ತಯಾರಾಗಿ ಬರುವವರೆಗೆ ಪ್ಲಾಸ್ಟಿಕ್ಕಿನ ತಾತ್ಕಾಲಿಕ ಬ್ರಿಡ್ಜ್ ಕೂರಿಸಿದರು. ಮೂರನೆಯ ದಿನ ಕರೆಸಿ, "ಊದಿ ನೋಡೋಣ, ಮೆಲ್ಲಗೆ" ಎಂದರು. ಕುರ್ಚಿಯಲ್ಲೇ ನೆಟ್ಟಗೆ ಕೂತು ಊದಿದೆ. ಬರೀ ಗಾಳಿ. ಮತ್ತೆ ಊದಿದೆ. ಕೋಳಿ ಕತ್ತು ಹಿಸುಕಿದ ಹಾಗೆ ಒಂದು ಸದ್ದು ಬಂತು. ಹೊರಗೆ ಕಾಯುತ್ತಿದ್ದವರಲ್ಲಿ ಒಬ್ಬ ಹೆಂಗಸು ಪರದೆ ಸರಿಸಿ, "ಏನವ್ವಾ ಅದು, ಯಾರ್ಗೇನಾಯ್ತು?" ಎಂದು ಇಣುಕಿದರು. ಡಾಕ್ಟರೂ ನಕ್ಕರು, ನಾನೂ ನಕ್ಕೆ. ಹಲ್ಲಿನ ಅಂಚನ್ನು ಒಂದು ಕೂದಲೆಳೆಯಷ್ಟು ಉಜ್ಜಿದರು. ಊದು. ಮತ್ತೆ ಉಜ್ಜಿದರು. ಊದು. ಹೀಗೆ ಮೂರು ಸಲ ಪಾಂಡವಪುರಕ್ಕೆ ಹೋಗಿ ಬಂದೆ. ಮೂರನೆಯ ಸಲ ಒಂದೇ ಒಂದು ಸ್ವರ ಬಂತು, ತೆಳ್ಳಗೆ, ಆದರೆ ನೇರವಾಗಿ. "ಇದೇ ಅಳತೆ" ಎಂದು ಅವರು ಅದರ ಅಚ್ಚು ತೆಗೆದು ಹಲ್ಲು ಮಾಡುವ ಲ್ಯಾಬಿಗೆ ಕಳಿಸಿದರು. ಪಿಂಗಾಣಿಯಂಥ ಆರು ಹಲ್ಲಿನ ಸಾಲು ಹತ್ತು ದಿನಕ್ಕೆ ತಯಾರಾಗಿ ಬಂತು. ಒಂದು ವಾರ ತಾತ್ಕಾಲಿಕ ಅಂಟಿನಲ್ಲಿ ಕೂರಿಸಿ ನೋಡಿ, ಎಲ್ಲ ಸರಿಯಿದೆ ಎಂದಾದ ಮೇಲೆ ಭದ್ರವಾಗಿ ಅಂಟಿಸಿದರು. ಪಿಂಗಾಣಿಗೆ ಏಟಾಗದಿರಲಿ ಎಂದು ಮೂತಿಯ ಮೇಲೆ ಸೈಕಲ್ ಟ್ಯೂಬಿನ ಒಂದು ಚೂರನ್ನು ನಾನೇ ಅಂಟಿಸಿಕೊಂಡೆ.

ಮನೆಗೆ ಬಂದು ಬಾಗಿಲಲ್ಲೇ ನಿಂತು, "ಫರ್ಜಾನಾ!" ಎಂದು ಕೂಗಿದೆ. ಪೂರ್ತಿ ಹೆಸರು. ಅವಳು ಒಳಗಿನಿಂದ, "ಪಕ್ಕದ ಬೀದಿಗೂ ಕೇಳಿಸಿತು, ಒಳಗೆ ಬನ್ನಿ" ಎಂದಳು.

ಹಲ್ಲು ಬಂತು, ನಾದ ಬರಲಿಲ್ಲ. ಮೊದಲು ಸ್ವರ ಹಲ್ಲಿನಿಂದ ನೇರ ತಲೆಬುರುಡೆಗೆ ಹತ್ತುತ್ತಿತ್ತು, ಕಿವಿಗಿಂತ ಮುಂಚೆ ಮೂಳೆಗೆ ಗೊತ್ತಾಗುತ್ತಿತ್ತು. ಈಗ ಅಲ್ಲಿ ಏನೂ ಇಲ್ಲ, ಗೋಡೆಗೆ ಒರಗಿಸಿ ಊದಿದ ಹಾಗೆ. ತುಟಿಯ ಹೊಲಿಗೆಯ ಜಾಗವೂ ಬಿಗಿಯಾಗಿತ್ತು. ಮನೆಯಲ್ಲಿ ಊದಿದರೆ ಅಕ್ಕಪಕ್ಕದವರಿಗೆ ತೊಂದರೆ. ದಿನಾ ಬೆಳಿಗ್ಗೆ ಕಾವೇರಿ ದಡಕ್ಕೆ ಹೋಗಿ, ಗುಡಿಯ ಮೆಟ್ಟಿಲಿನಿಂದ ದೂರ, ಬಟ್ಟೆ ಒಗೆಯುವವರ ಕಲ್ಲಿನಾಚೆ ನಿಂತು ಊದುತ್ತಿದ್ದೆ. "ಸಾಬಣ್ಣ, ನೀರ್ನಲ್ಲಿರಾ ಮೀನೆಲ್ಲ ಕೆ.ಆರ್.ಎಸ್. ಕಡೀಕೆ ಓಡೋದೊ" ಎಂದು ಒಬ್ಬ ರೇಗಿಸಿದ. "ಓಡ್ಲಿ ಬುಡಪ್ಪ, ನಾನ್ ಓಡಾಕಿಲ್ಲ" ಎಂದು ಮತ್ತೆ ಊದಿದೆ. ಹದಿನೆಂಟರಲ್ಲಿ ಕಲಿತದ್ದನ್ನು ಐವತ್ತೊಂದರಲ್ಲಿ ಮೊದಲಿನಿಂದ ಕಲಿತೆ. ಸ ರಿ ಗ ಮದ ಸರಳೆಯಿಂದ ಶುರು. ಒಂದು ತಿಂಗಳಿಗೆ ಹಾಡಿನಂತೆ ಕೇಳಿಸತೊಡಗಿತು. ಎರಡನೆಯ ತಿಂಗಳ ಒಂದು ಬೆಳಿಗ್ಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿ ಕೇಳುತ್ತಾ ನಿಂತಿದ್ದರು. ನನಗೆ ಅಷ್ಟು ಸಾಕಾಯಿತು.

ಬಶೀರ್ ಭಾಯ್‌ಗೆ ಫೋನು ಮಾಡಿದೆ. "ನೋಡಾಣ" ಎಂದ. ವಾರ ಬಿಟ್ಟು ಮಾಡಿದೆ. ಮತ್ತೆ "ನೋಡಾಣ" ಎಂದ. ಕಾರ್ತೀಕ ಕಳೆಯುತ್ತಾ ಬಂತು, ಮದುವೆಗಳು ಮತ್ತೆ ಶುರುವಾದವು. ಕಿಕ್ಕೇರಿಯಲ್ಲಿ ಒಂದು ದೊಡ್ಡ ಮದುವೆಗೆ ಬ್ಯಾಂಡು ಹೊರಡುತ್ತಿದೆ ಎಂದು ಮಹದೇವ ತಿಳಿಸಿದ. ಆವತ್ತು ಮಧ್ಯಾಹ್ನ ಯೂನಿಫಾರಂ ಇಸ್ತ್ರಿ ಮಾಡಿಸಿ ಹಾಕಿಕೊಂಡು, ಕ್ಲಾರಿನೆಟ್ ಪೆಟ್ಟಿಗೆ ಹಿಡಿದು, ಬ್ಯಾಂಡಿನ ವ್ಯಾನು ನಿಲ್ಲುವ ಜಾಗಕ್ಕೆ ಹೋಗಿ, ಮುಂದಿನ ಸೀಟಿನಲ್ಲಿ ಕೂತೆ.

"ಯಾರ್ ಕರದ್ರು ನಿನ್ನ?" ಎಂದ ಬಶೀರ್ ಭಾಯ್.

"ಯಾರೂ ಕರೀಲಿಲ್ಲ. ನಾನೇ ಬಂದೆ."

"ಮೈಸೂರ್ನೋನ್ಗೆ ಏಳಿದ್ದೀನಲ್ಲಾ!"

"ಅವ್ನೂ ಬರ್ಲಿ. ಕ್ಲಾರಿನೆಟ್ ಎಲ್ಡಾದ್ರೆ ಮದ್ವೆ ನಿಂತೋದದಾ?"

ಹಿಂದಿನಿಂದ ಮಹದೇವ ಡ್ರಮ್ಮನ್ನು ಒಳಗೆ ತಳ್ಳುತ್ತಾ, "ಕೂತವ್ನೆ ಬುಡು ಭಾಯ್, ಒತ್ತಾಯ್ತದೆ" ಎಂದ. ಬಶೀರ್ ಭಾಯ್ ಬಾಗಿಲು ಹಿಡಿದು ನಿಂತು ನನ್ನನ್ನೇ ನೋಡಿದ. "ಸರಿ. ಆದ್ರೆ ನಾಗಮಂಗಲ್ದಲ್ಲಿ ಆದಂಗೆ ಇನ್ನೊಂದಪ ಮಾನ ಓದ್ರೆ, ಯೂನಿಫಾರಂ ಅಲ್ಲೇ ಬಿಚ್ಕೊಟ್ಬುಡ್ಬೇಕು. ಆಮ್ಯಾಲೆ ನಿನ್ ಮಾತು ನಾನ್ ಕೇಳಾಕಿಲ್ಲ."

"ಬಿಚ್ಕೊಡ್ತೀನಿ" ಎಂದೆ.

ಕಿಕ್ಕೇರಿಯಲ್ಲಿ ಸಂಜೆ ಮೆರವಣಿಗೆ ಹೊರಟಿತು. ಮೈಸೂರಿನವನು ಒಳ್ಳೆಯ ಮನುಷ್ಯ, ನನ್ನನ್ನು ನೋಡಿ ತಾನೇ ಒಂದು ಹೆಜ್ಜೆ ಹಿಂದೆ ಸರಿದ. ದೇವರ ಹಾಡಿನಿಂದ ಶುರು ಮಾಡಿದೆ. ಮೊದಲ ಸಾಲು ಮುಗಿಯುವವರೆಗೆ ಬಶೀರ್ ಭಾಯ್ ನನ್ನ ಬಾಯನ್ನೇ ನೋಡುತ್ತಿದ್ದ. ಎರಡನೆಯ ಸಾಲಿಗೆ ಮಹದೇವನ ಡ್ರಮ್ಮು ನನ್ನ ಜೊತೆ ಸೇರಿತ್ತು. ಒಂದು ಬೀದಿ ದಾಟಿದೆವು. ಹಾಡಿಂದ ಹಾಡಿಗೆ ಹೋದೆವು. ಹಲ್ಲು ಅಲುಗಾಡಲಿಲ್ಲ.

ಎರಡನೆಯ ಬೀದಿಯಲ್ಲಿ ಕುಣಿಯುವವರು ಒಳಗೆ ನುಗ್ಗಿದರು. ಒಬ್ಬ ದಪ್ಪನೆಯ ಗಂಡಸು ಟವಲು ಬೀಸುತ್ತಾ, ನನಗೆ ಬೆನ್ನು ಮಾಡಿಕೊಂಡು, ಹಿಂದೆ ಹಿಂದೆ ಬರತೊಡಗಿದ. ನಾನು ಒಂದು ಹೆಜ್ಜೆ ಸರಿದೆ. ಅವನು ಎರಡು ಹೆಜ್ಜೆ ಬಂದ. ಮತ್ತೊಂದು ಹೆಜ್ಜೆ ಸರಿಯಬಹುದಿತ್ತು. ಹಿಂದೆಲ್ಲ ಹಾಗೇ ಮಾಡುತ್ತಿದ್ದೆ. ಆವತ್ತು ಸರಿಯಲಿಲ್ಲ. ಕ್ಲಾರಿನೆಟ್ಟನ್ನು ಬಾಯಿಂದ ತೆಗೆದು, ಎಡಗೈ ಮೇಲೆತ್ತಿ, ಬ್ಯಾಂಡು ನಿಲ್ಲಿಸಿಬಿಟ್ಟೆ.

ಮಹದೇವನ ಕೋಲು ನಿಂತಿತು. ಅವನು ನಿಂತ ಮೇಲೆ ಟ್ರಂಪೆಟ್ಟು, ತಾಳ ಎಲ್ಲಾ ನಿಂತವು. ಬೀದಿಯಲ್ಲಿ ಒಮ್ಮೆಲೇ ಸದ್ದಿಲ್ಲ. ಬಶೀರ್ ಭಾಯ್ "ನಜೀರಾ!" ಎಂದು ಓಡಿ ಬಂದ. ಅವನಿಗಿಂತ ಮುಂಚೆ ಗಂಡಿನ ಸೋದರಮಾವ ಬಂದರು.

"ಯಾಕ್ಲಾ ನಿಲ್ಸ್ದೆ? ದುಡ್ಡು ಕೊಟ್ಟಿಲ್ವೇನ್ಲಾ ನಿಮ್ಗೆ?"

"ದುಡ್ಡು ಊದಾಕೆ ಕೊಟ್ಟಿದ್ದೀರಿ ಸ್ವಾಮಿ, ನನ್ ಅಲ್ಲಿಗಲ್ಲ" ಎಂದೆ. ಅವರು ಬಾಯಿ ತೆರೆಯುವ ಮುಂಚೆಯೇ ಮುಂದುವರಿಸಿದೆ. "ಇದೇ ವರ್ಷ ಇಂಗೇ ಒಬ್ರು ಕುಣೀತಾ ಮೊಣಕೈಯಲ್ಲಿ ಒಡದು ನನ್ ಎಲ್ಡು ಅಲ್ಲು ಓದೊ. ಒಂಬತ್ತು ತಿಂಗ್ಳು ನೆಟ್ಟಗೆ ಊದಾಕಾಗ್ಲಿಲ್ಲ. ಈ ಬಾಯಿ ಇರೋದ್ರಿಂದ್ಲೇ ನಮ್ಮನೆ ನಡೀತಿರಾದು. ನೀವು ಕುಣೀರಿ, ಬ್ಯಾಡ ಅನ್ನಾಕಿಲ್ಲ. ನನ್ನಿಂದ ನಾಕಡಿ ದೂರ ಕುಣೀರಿ. ಅತ್ರ ಬಂದ್ರೆ ನಾನು ನಿಲ್ಲಿಸ್ತೀನಿ. ಎಷ್ಟು ಸತಿ ಬಂದ್ರೂ ನಿಲ್ಲಿಸ್ತೀನಿ."

ಬಶೀರ್ ಭಾಯ್ ಕೈ ಮುಗಿದುಕೊಂಡು, "ಸ್ವಾಮಿ, ಅವ್ನು ಸ್ವಲ್ಪ…" ಎಂದು ಶುರು ಮಾಡಿದ. ಅಷ್ಟರಲ್ಲಿ ಗಂಡಿನ ಕಾರಿನ ಪಕ್ಕ ನಡೆದು ಬರುತ್ತಿದ್ದ ಒಬ್ಬ ಅಜ್ಜಿ ಮುಂದೆ ಬಂದರು. ಗಂಡಿನ ಅಜ್ಜಿಯೇ ಎಂದು ಆಮೇಲೆ ತಿಳಿಯಿತು. ಸೋದರಮಾವನ ತೋಳು ಹಿಡಿದು ಎಳೆದರು.

"ಅವ್ನೇನ್ಲಾ ತಪ್ಪು ಕೇಳವ್ನೆ? ನಿನ್ ಅಲ್ಲು ಉದುರ್ಸ್ಲಾ ಈಗ? ನಾಕಡಿ ಆಚೀಕೆ ನಿಂತ್ಕಂಡು ಕುಣೀರ್ಲಾ. ನೀನ್ ಊದಪ್ಪ."

ಯಾರೋ ನಕ್ಕರು. ಆ ನಗು ನನ್ನ ಮೇಲಿನದಲ್ಲ. ಟವಲು ಬೀಸುತ್ತಿದ್ದವನು ಬೆವರೊರೆಸಿಕೊಂಡು, "ಗೊತ್ತಾಗ್ಲಿಲ್ಲ ಕಣಣ್ಣ" ಎಂದು ಹಿಂದೆ ಸರಿದ. ಬೀದಿಯ ನಡುವೆ ನನ್ನ ಮುಂದೆ ಒಂದಿಷ್ಟು ಜಾಗ ಖಾಲಿಯಾಯಿತು. ಮೂವತ್ತಮೂರು ವರ್ಷದಲ್ಲಿ ನನ್ನ ಮುಂದೆ ಅಷ್ಟು ಜಾಗ ಯಾವತ್ತೂ ಇರಲಿಲ್ಲ.

ಅಲ್ಲಿ ನಿಂತು ನಾನು ಎತ್ತಿಕೊಂಡದ್ದು ನಾಗಮಂಗಲದಲ್ಲಿ ಅರ್ಧಕ್ಕೆ ನಿಂತುಹೋದ ಆ ಹಳೆ ಹಾಡನ್ನೇ. ಮಹದೇವನಿಗೆ ಗೊತ್ತಾಯಿತು, ಕಣ್ಣರಳಿಸಿ ನೋಡಿದ. ಎತ್ತರದ ಸ್ವರ ಬಂತು. ಕಚ್ಚಿ ಹಿಡಿದೆ. ಉಸಿರು ಇರುವಷ್ಟು ಹೊತ್ತು ಎಳೆದೆ, ಬೇಕಾದ್ದಕ್ಕಿಂತ ಹೆಚ್ಚೇ ಎಳೆದೆ. ಫೋನು ಹಿಡಿದವರು ಆವತ್ತೂ ಇದ್ದರು. ಹಿಡಿದುಕೊಳ್ಳಲಿ ಎಂದು ಅವರ ಕಡೆಗೇ ತಿರುಗಿ ಊದಿದೆ.

ವಾಪಸು ಬರುವಾಗ ವ್ಯಾನಿನಲ್ಲಿ ಬಶೀರ್ ಭಾಯ್, "ಇಂಗೆ ಮಾಡಿದ್ರೆ ಗಿರಾಕಿ ಯಾರೂ ಕರ್ಯಾಕಿಲ್ಲ" ಎಂದ. "ಕರೀದೆ ಓದ್ರೆ ಓಗ್ಲಿ ಭಾಯ್" ಎಂದೆ. ಅವನು ಕಿಟಕಿ ಕಡೆ ತಿರುಗಿಕೊಂಡ. ನನ್ನ ಯೂನಿಫಾರಂ ಬಿಚ್ಚಿಕೊಡು ಎಂದು ಮಾತ್ರ ಕೇಳಲಿಲ್ಲ. ಹದಿನೈದು ದಿನ ಕಳೆದು ಪಾಂಡವಪುರದಲ್ಲಿ ಒಂದು ಮೆರವಣಿಗೆ ಹೊರಡುವ ಮುಂಚೆ, ನಾನು ರೀಡು ಒದ್ದೆ ಮಾಡಿಕೊಳ್ಳುತ್ತಿದ್ದಾಗ, ಅವನೇ ಮುಂದೆ ಹೋಗಿ ಗಂಡಿನ ಕಡೆಯವರಿಗೆ ಕೈ ಅಗಲಿಸಿ ತೋರಿಸುತ್ತಾ ಹೇಳುತ್ತಿದ್ದುದು ಕಿವಿಗೆ ಬಿತ್ತು. "ಬ್ಯಾಂಡ್ನೋರ್ಗೂ ನಿಮ್ಗೂ ನಾಕಡಿ ಸ್ವಾಮಿ. ಅದು ನಮ್ಮ ರೂಲ್ಸು." ನಮ್ಮ ರೂಲ್ಸು ಎಂದ! ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನಾನೂ ಕೇಳಿಸದವನ ಹಾಗೆ ಇದ್ದೆ.

ಈಗಲೂ ಕೆಲವರು ಕೇಳುತ್ತಾರೆ, ಆ ವಯಸ್ಸಿನಲ್ಲಿ ಅಷ್ಟೆಲ್ಲ ಯಾಕೆ ಬೇಕಿತ್ತು, ತಾಳ ಹಿಡಿದಿದ್ದರೆ ಆಗುತ್ತಿರಲಿಲ್ಲವೇ ಎಂದು. ಆಗುತ್ತಿತ್ತು. ಹೊಟ್ಟೆ ತುಂಬುತ್ತಿತ್ತು. ಆದರೆ ಬೇರೆ ಯಾರೋ ಕೈ ಬೀಸಿದ್ದಕ್ಕೆ ನಾನು ಹಿಂದಿನ ಸಾಲಿಗೆ ಹೋಗಬೇಕು ಎಂಬುದನ್ನು ನನ್ನ ಮನಸ್ಸು ಒಪ್ಪಲಿಲ್ಲ. ಇವತ್ತಿಗೂ ಒಪ್ಪುವುದಿಲ್ಲ. ಮನಸ್ಸಿಗೆ ಹಾಕಿಕೊಳ್ಳಬೇಡ ಎಂದು ಹೇಳಿದ ಆ ಹಿರಿಯರು ಎಲ್ಲಾದರೂ ಸಿಕ್ಕರೆ, ಹಾಕಿಕೊಂಡದ್ದರಿಂದಲೇ ನಾನು ಮತ್ತೆ ಊದಿದೆ ಎಂದು ಹೇಳಬೇಕೆಂದಿದ್ದೇನೆ.

ರೇಖಾ ಡಾಕ್ಟರು ಆರು ತಿಂಗಳಿಗೊಮ್ಮೆ ಕರೆಸಿ ನೋಡುತ್ತಾರೆ. ಬ್ರಿಡ್ಜಿನ ಕೆಳಗೆ ದಾರ ತೂರಿಸಿ ದಿನಾ ಸ್ವಚ್ಛ ಮಾಡಿಕೊಳ್ಳುತ್ತೇನೆ. ಜೋಪಾನ ಮಾಡಿದರೆ ಹತ್ತು ಹನ್ನೆರಡು ವರ್ಷ ಬರಬಹುದು, ಆಮೇಲೆ ಕಂಬದ ಹಲ್ಲುಗಳು ಹೇಗಿರುತ್ತವೆ ಎಂದು ಈಗಲೇ ಹೇಳಲಾಗದು ಎನ್ನುತ್ತಾರೆ. ಆಗ ನನಗೆ ಅರವತ್ತು ದಾಟಿರುತ್ತದೆ. ಹೋದ ಸಲ ಅವರು ಹಾಗೆ ಹೇಳಿದಾಗ, "ಅವತ್ತಿಂದು ಅವತ್ತು ನೋಡಾಣ ಮೇಡಂ. ಬೇಗ ಬುಡಿ, ಮೂರ್ ಗಂಟೆಗೆ ನಾಗಮಂಗಲ್ದಲ್ಲಿ ಮದ್ವೆ ಅದೆ" ಎಂದು ಕುರ್ಚಿಯಿಂದ ಎದ್ದುಬಂದೆ.